ಕಮಾನಿನ ಕೆಳಗೆ ನಡೆಯದವರು



ಮೊನ್ನೆ ನಮ್ಮ ಶಾಲೆಯ ಸಮಾಜ ವಿಜ್ಞಾನದ ಮೇಷ್ಟ್ರು ರಜೆಯಲ್ಲಿದ್ದರು. ಕನ್ನಡ ಮೇಷ್ಟ್ರಾದ ನಾನು ಎಂಟನೇ ತರಗತಿಗೆ ಹೋಗಿ ರೋಮನ್ನರ ಪಾಠ ಮಾಡಿದೆ. ಮೊಬೈಲಿನಲ್ಲಿ ಟೈಟಸ್ ಕಮಾನಿನ ಚಿತ್ರ ತೋರಿಸಿದೆ.

ಕ್ರಿ.ಶ. 70ರಲ್ಲಿ ಟೈಟಸ್‌ನ ಸೈನ್ಯ ಜೆರುಸಲೇಮನ್ನು ಗೆದ್ದು ಯಹೂದಿಗಳ ದೇವಾಲಯವನ್ನು ನಾಶ ಮಾಡಿತು. ಮುಂದೆ ಅವನು ಚಕ್ರವರ್ತಿಯಾಗಿ ತೀರಿಕೊಂಡ ಮೇಲೆ, ಸುಮಾರು 81ರಲ್ಲಿ, ತಮ್ಮ ಡೊಮಿಷಿಯನ್ ಈ ಕಮಾನು ಕಟ್ಟಿಸಿದ. ಒಳಗೋಡೆಯ ಒಂದು ಕಡೆ ರಥದಲ್ಲಿ ಟೈಟಸ್, ಅವನಿಗೆ ಕಿರೀಟ ತೊಡಿಸುವ ಜಯದೇವತೆ. ಎದುರು ಗೋಡೆಯಲ್ಲಿ ದೇವಾಲಯದಿಂದ ಕೊಳ್ಳೆ ಹೊಡೆದ ಏಳು ಕವಲಿನ ದೀಪಸ್ತಂಭವನ್ನು ಹೊತ್ತ ಮೆರವಣಿಗೆ.

"ಎಷ್ಟು ಚೆಂದ ಐತೆ ಸರ್" ಎಂದರು ಮಕ್ಕಳು. ಯಹೂದಿಗಳು ತಲೆತಲಾಂತರ ಆ ಕಮಾನಿನ ಕೆಳಗೆ ನಡೆಯುತ್ತಿರಲಿಲ್ಲ ಎಂದೆ. ತರಗತಿ ಸುಮ್ಮನಾಯಿತು. ಆಗ ನಮ್ಮ ಕೇರಿಯ ಹುಡುಗಿಯೊಬ್ಬಳು ಎದ್ದು ಕೇಳಿದಳು: "ಸರ್, ಜನವರಿ ಒಂದಕ್ಕೆ ನಾವೂ ಭೀಮಾ ಕೋರೆಗಾಂವ್ ಸ್ತಂಭದ ಫೋಟೋ ಸ್ಟೇಟಸ್ ಹಾಕ್ತೀವಲ್ಲ, ಅದೂ ಇದೂ ಒಂದೇನಾ?"

ನನ್ನ ಬಳಿ ಉತ್ತರವಿರಲಿಲ್ಲ. "ನಾಳೆ ಹೇಳ್ತೀನಮ್ಮ" ಎಂದೆ.

ರಾತ್ರಿಯೆಲ್ಲಾ ಯೋಚಿಸಿದೆ. ಕಮಾನಿನ ಮೇಲಿರುವುದು ದೇವರ ಪಟ್ಟಕ್ಕೇರಿದ ಚಕ್ರವರ್ತಿಯ ಹೆಸರು. ಅಲ್ಲಿ ಸೈನಿಕರಿಗೆ ಹೆಸರಿಲ್ಲ. ಕೋರೆಗಾಂವ್ ಸ್ತಂಭವನ್ನೂ ಕಂಪನಿಯವರು ತಮ್ಮ ಗೆಲುವಿಗಾಗಿಯೇ ಕಟ್ಟಿದ್ದು, ಇದನ್ನು ಮುಚ್ಚಿಡಬಾರದು. ಆದರೆ ಅದರ ಮೇಲೆ 1818ರಲ್ಲಿ ಮಡಿದ ಮಹಾರ್ ಸೈನಿಕರ ಹೆಸರುಗಳೂ ಇವೆ. ನೆರಳೂ ಮೈಲಿಗೆ ಎನಿಸಿಕೊಂಡವರ ಹೆಸರು ಕಲ್ಲಿನ ಮೇಲೆ! 1927ರ ಜನವರಿ 1ರಂದು ಬಾಬಾಸಾಹೇಬರು ಅಲ್ಲಿಗೆ ಹೋದರು. ಅಂದಿನಿಂದ ಆ ಕಲ್ಲು ನಮಗೆ ಕಂಪನಿಯ ಗೆಲುವಲ್ಲ, ನಮ್ಮ ಮನುಷ್ಯತ್ವದ ಸಾಕ್ಷಿ.

ಮರುದಿನ ಅವಳಿಗೆ ಹೇಳಿದೆ: "ಒಂದೇ ಅಲ್ಲಮ್ಮ. ಆದ್ರೆ ಒಂದೇ ಆಗಿಬಿಡಬಹುದು. ಸ್ತಂಭದ ಮುಂದೆ ನಿಂತು 'ನಾವೂ ಮನುಷ್ಯರು' ಅಂದ್ರೆ ಅದು ನೆನಪು. 'ಅವರನ್ನ ಮಣ್ಣು ಮುಕ್ಕಿಸಿದ್ವಿ' ಅಂತ ಕುಣಿದ್ರೆ ನಾವೂ ಒಂದು ಕಮಾನು ಕಟ್ಟಿದ ಹಾಗೆ."

ಪಸೇನದಿ ರಾಜ ಅಜಾತಶತ್ರುವಿಗೆ ಸೋತ ಸುದ್ದಿ ಬಂದಾಗ, ಭಗವಾನ್ ಬುದ್ಧರು ನೆನೆದದ್ದು ಸೋತವನ ಆ ರಾತ್ರಿಯ ನಿದ್ದೆಯನ್ನು. ತಲೆಮಾರುಗಳ ಕಾಲ ಆ ನಿದ್ದೆಗೆಟ್ಟವರು ನಾವು. ಅದು ನಮಗೆ ಚೆನ್ನಾಗಿ ಗೊತ್ತು.

ಇಂದು ಚಿಕ್ಕದೋ ದೊಡ್ಡದೋ, ಒಂದು ಗೆಲುವು ಸಿಕ್ಕರೆ ಕೇಳಿಕೊಳ್ಳೋಣ: ಈ ದಾರಿಯಲ್ಲಿ ಯಾರು ನಡೆಯಲಾರರು?

ನಮೋ ಬುದ್ಧಾಯ. ಜೈ ಭೀಮ್.