ಚಿಲ್ಲರೆ ಕಾಸಿನ ನ್ಯಾಯ

‘ಚಿಲ್ಲರೆ’ ಎಂಬ ಮಾತಿಗೆ ನಮ್ಮಲ್ಲಿ ಎರಡು ಅರ್ಥಗಳಿವೆ. ಒಂದು, ಅಂಗಡಿಯವನು ನಮಗೆ ಹಿಂದಿರುಗಿಸಬೇಕಾದ ಬಿಡಿಗಾಸು. ಇನ್ನೊಂದು, ಗಣನೆಗೆ ಬಾರದ್ದು, ಹಗುರವಾದದ್ದು. ‘ಚಿಲ್ಲರೆ ವಿಷಯ’, ‘ಚಿಲ್ಲರೆ ಜನ’ ಎನ್ನುತ್ತೇವೆ. ಕಾಸು ಸಣ್ಣದಾದರೆ ಅದನ್ನು ಹಿಡಿದ ಕೈಯೂ ಸಣ್ಣದೆಂಬ ಭಾವನೆ ಈ ಎರಡನೆಯ ಅರ್ಥದಲ್ಲಿ ಅಡಗಿದೆ. ಆದುದರಿಂದ, ತಯಾರಿಸಲು ಮುಖಬೆಲೆಗಿಂತ ಹೆಚ್ಚು ಖರ್ಚು ತಗಲುವ ನಾಣ್ಯವನ್ನು ಟಂಕಿಸಬೇಕೇ ಬೇಡವೇ ಎಂಬ ಪ್ರಶ್ನೆ ಬರೀ ಲೆಕ್ಕದ್ದಲ್ಲ, ನ್ಯಾಯದ್ದೂ ಹೌದು.

ಮೊದಲು ಲೆಕ್ಕವನ್ನೇ ನೋಡೋಣ. ನಮ್ಮ ಒಂದು ರೂಪಾಯಿ ನಾಣ್ಯದ ತಯಾರಿಕೆಗೆ 1 ರೂಪಾಯಿ 11 ಪೈಸೆ ತಗಲುತ್ತದೆಂದು 2018ರಲ್ಲಿ ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ಟಂಕಸಾಲೆಯಿಂದ ಉತ್ತರ ಬಂದಿತ್ತು. ಅಮೆರಿಕದಲ್ಲಿ ಒಂದು ಸೆಂಟ್ ನಾಣ್ಯಕ್ಕೆ 2024ರ ಹಣಕಾಸು ವರ್ಷದಲ್ಲಿ 3.69 ಸೆಂಟ್ ಖರ್ಚಾಯಿತು. 1793ರಷ್ಟು ಹಳೆಯದಾದ ಆ ನಾಣ್ಯವನ್ನು ಚಲಾವಣೆಗಾಗಿ ಕೊನೆಯ ಬಾರಿ ಟಂಕಿಸಿದ್ದು 2025ರ ನವೆಂಬರ್ 12ರಂದು, ಫಿಲಡೆಲ್ಫಿಯಾದಲ್ಲಿ. ಕೆನಡಾ ತನ್ನ ಸೆಂಟ್ ನಾಣ್ಯವನ್ನು 2012ರಲ್ಲೇ ನಿಲ್ಲಿಸಿತ್ತು. ನಮ್ಮಲ್ಲಿ 1957ರ ಏಪ್ರಿಲ್ 1ರಂದು ಹದಿನಾರಾಣೆಯ ರೂಪಾಯಿ ಹೋಗಿ ನೂರು ಪೈಸೆಯ ರೂಪಾಯಿ ಬಂತು. ಆ ಪದ್ಧತಿಯ ಸಣ್ಣ ನಾಣ್ಯಗಳು, ಅಂದರೆ 25 ಪೈಸೆ ಮತ್ತು ಅದಕ್ಕಿಂತ ಕೆಳಗಿನವು, 2011ರ ಜೂನ್ 30ರಿಂದ ಚಲಾವಣೆ ಕಳೆದುಕೊಂಡವು.

‘ಒಂದು ರೂಪಾಯಿ ಮಾಡಲು ಒಂದು ರೂಪಾಯಿಗಿಂತ ಹೆಚ್ಚು ಖರ್ಚು ಮಾಡುವುದು ಯಾವ ಜಾಣತನ?’ ಎಂದು ಕೇಳುವವರಿದ್ದಾರೆ. ಮೇಲ್ನೋಟಕ್ಕೆ ಈ ಮಾತು ಸರಿಯೆನಿಸುತ್ತದೆ. ಆದರೆ ದಿನಸಿ ಅಂಗಡಿಯ ತಕ್ಕಡಿಯ ಪಕ್ಕದಲ್ಲಿರುವ ಐವತ್ತು ಗ್ರಾಂ ಬಟ್ಟನ್ನು ನೋಡಿ. ಅದರಿಂದ ಒಮ್ಮೆ ತೂಗುವ ಸಾಸಿವೆಯ ಬೆಲೆಗಿಂತ ಬಟ್ಟಿನ ಬೆಲೆಯೇ ಹೆಚ್ಚಿರಬಹುದು. ಹಾಗೆಂದು ಯಾರೂ ಅದನ್ನು ಎಸೆಯುವುದಿಲ್ಲ. ಏಕೆಂದರೆ ಅದು ಒಂದು ಸಲದ ತೂಕಕ್ಕಲ್ಲ, ಸಾವಿರ ಸಲದ ತೂಕಕ್ಕೆ ಇರುವಂಥದ್ದು. ನಾಣ್ಯವೂ ಹಾಗೆಯೇ. ವರ್ಷಗಟ್ಟಲೆ ಕೈಯಿಂದ ಕೈಗೆ ಸಾಗಿ, ಪ್ರತಿಯೊಂದು ವ್ಯವಹಾರದಲ್ಲೂ ‘ಇಷ್ಟು ನಿನ್ನದು, ಇಷ್ಟು ನನ್ನದು’ ಎಂದು ಅಳೆದು ಕೊಡುತ್ತದೆ.

ಆದರೆ ಈ ಮಾತು ಓಡಾಡುವ ನಾಣ್ಯಕ್ಕೆ ಮಾತ್ರ ಸಲ್ಲುತ್ತದೆ. ಮನೆಯ ಡಬ್ಬಿಗಳಲ್ಲಿ ಬಿದ್ದಿರುವ, ಯಾವ ವಸ್ತುವನ್ನೂ ಕೊಳ್ಳಲಾಗದ ನಾಣ್ಯವನ್ನು ಮತ್ತೆ ಮತ್ತೆ ಟಂಕಿಸಿದರೆ ಅದು ಜನರ ತೆರಿಗೆ ಹಣದ ದುಂದು. ಅಂಥ ನಾಣ್ಯವನ್ನು ನಿಲ್ಲಿಸುವುದರಲ್ಲಿ ತಪ್ಪಿಲ್ಲ. ತಪ್ಪು ನಡೆಯುವುದು ನಿಲ್ಲಿಸಿದ ಮೇಲೆ, ಅದರ ನಷ್ಟವನ್ನು ಯಾರ ತಲೆಗೆ ಕಟ್ಟುತ್ತೇವೆ ಎಂಬುದರಲ್ಲಿ.

ಕೆನಡಾದ ನಿಯಮವನ್ನು ಗಮನಿಸಿ. ನಗದು ಕೊಡುವಾಗ ಒಟ್ಟು ಮೊತ್ತದ ಕೊನೆಯಲ್ಲಿ ಒಂದೆರಡು ಸೆಂಟ್ ಮಿಕ್ಕಿದರೆ ಕೆಳಕ್ಕೆ, ಮೂರು ನಾಲ್ಕು ಮಿಕ್ಕಿದರೆ ಮೇಲಕ್ಕೆ, ಹೀಗೆ ಹತ್ತಿರದ ಐದು ಸೆಂಟಿಗೆ ಸರಿಹೊಂದಿಸಬೇಕು. ಒಮ್ಮೆ ಗಿರಾಕಿಗೆ ಲಾಭ, ಇನ್ನೊಮ್ಮೆ ಅಂಗಡಿಗೆ. ನಮ್ಮ ಬೀದಿಗಳಲ್ಲಿ ನಡೆಯುವುದೇನು? ‘ಚಿಲ್ಲರೆ ಇಲ್ಲ’ ಎಂಬ ಉತ್ತರ, ಇಲ್ಲವೇ ಕೈಗೊಂದು ಚಾಕಲೇಟು. ಎಂಟಾಣೆ ಇಂದಿಗೂ ಕಾನೂನುಬದ್ಧ ನಾಣ್ಯ. 2011ರ ನಾಣ್ಯ ಕಾಯಿದೆಯಂತೆ ಹತ್ತು ರೂಪಾಯಿಯವರೆಗಿನ ಮೊತ್ತವನ್ನು ಎಂಟಾಣೆಗಳಲ್ಲೇ ಕೊಡಬಹುದು. ಆದರೂ ತೆಗೆದುಕೊಳ್ಳುವವರು ಅಪರೂಪ. ಅಂಗಡಿಯವರನ್ನಷ್ಟೇ ದೂರುವುದೂ ಸರಿಯಲ್ಲ; ಕಮಿಷನ್ ತೆತ್ತು ಚಿಲ್ಲರೆ ತರುವವರು ಅವರಲ್ಲಿಯೂ ಇದ್ದಾರೆ.

ಓದುಗ ಬಂಧುಗಳೇ, ಈ ನಷ್ಟ ಎಲ್ಲರಿಗೂ ಸಮನಾಗಿ ಹಂಚಿಕೆಯಾಗುವುದಿಲ್ಲ. ತಿಂಗಳಿಗೊಮ್ಮೆ ಸಾಮಾನು ತರುವ ಮನೆಗೆ ಒಂದು ರೂಪಾಯಿ ತಿಂಗಳಿಗೊಮ್ಮೆ ಹೋಗುತ್ತದೆ. ಅಂದಂದಿನ ಕೂಲಿಯಲ್ಲಿ ಅಂದಂದೇ ಎಣ್ಣೆ, ಸಕ್ಕರೆ, ಚಹಾಪುಡಿ ಕೊಳ್ಳುವ ತಾಯಿಗೆ ಅದು ದಿನವೂ ಹೋಗುತ್ತದೆ. ಮೊಬೈಲಿನಲ್ಲಿ ಯುಪಿಐ ಮೂಲಕ ಪಾವತಿಸುವವರು 47 ರೂಪಾಯಿ 50 ಪೈಸೆಯನ್ನು ಅಷ್ಟಕ್ಕಷ್ಟೇ ಕೊಡಬಲ್ಲರು. ಅದೇ ವಸ್ತುವಿಗೆ ನಗದು ಎಣಿಸುವ ಅಜ್ಜಿ 48 ಕೊಡುತ್ತಾರೆ. ಇದ್ದವನಿಗೆ ಪೈಸೆಯ ಲೆಕ್ಕ ಉಳಿದಿದೆ, ಇಲ್ಲದವಳಿಗೆ ಅದು ಅಳಿಸಿಹೋಗಿದೆ.

‘ಒಂದು ರೂಪಾಯಿ ತಾನೇ, ಇರಲಿ ಬಿಡಿ’ ಎನ್ನುತ್ತೇವೆ. ಈ ಮಾತನ್ನು ಯಾರು ಹೇಳುತ್ತಾರೆ ಎಂಬುದರ ಮೇಲೆ ಅದರ ಗುಣ ನಿಂತಿದೆ. ಬರಬೇಕಾದವನು ಹೇಳಿದರೆ ಅದು ಔದಾರ್ಯ. ಕೊಡಬೇಕಾದವನು ಹೇಳಿದರೆ ಅದು ಪರರ ಹಣವನ್ನು ಇಟ್ಟುಕೊಳ್ಳುವುದಕ್ಕೆ ಒಂದು ನಯವಾದ ನೆಪ. ಮೊತ್ತ ಸಣ್ಣದೋ ದೊಡ್ಡದೋ ಎಂದು ತೀರ್ಮಾನಿಸುವ ಹಕ್ಕು ಅದನ್ನು ಕಳೆದುಕೊಳ್ಳುವವನದು.

ಬಡ ವಿಧವೆ ಕಾಣಿಕೆಪೆಟ್ಟಿಗೆಗೆ ಹಾಕಿದ ಎರಡು ಕಾಸುಗಳ ಪ್ರಸಂಗ ನಮಗೆಲ್ಲರಿಗೂ ಗೊತ್ತು. ಆಗಿನ ಕಾಲದಲ್ಲಿ ಅದಕ್ಕಿಂತ ಸಣ್ಣ ನಾಣ್ಯವಿರಲಿಲ್ಲ. ಅಷ್ಟು ಸಣ್ಣ ನಾಣ್ಯವೊಂದು ಇದ್ದುದರಿಂದಲೇ ಆಕೆ ಬರಿಗೈಯಲ್ಲಿ ಹಿಂದಿರುಗಬೇಕಾಗಲಿಲ್ಲ. ಗುಬ್ಬಚ್ಚಿಗಳ ಮಾತನ್ನೂ ನೆನೆಯಿರಿ. ಮತ್ತಾಯನ ಶುಭಸಂದೇಶದಲ್ಲಿ ಒಂದು ಕಾಸಿಗೆ ಎರಡು ಗುಬ್ಬಚ್ಚಿ. ಲೂಕನಲ್ಲಿ ಎರಡು ಕಾಸಿಗೆ ಐದು. ಆ ಐದನೆಯದು ನಮ್ಮ ಸಂತೆಗಳಲ್ಲಿ ಕೊಡುವ ಕೊಸರಿನಂಥದ್ದು. ಬೆಲೆಯೇ ಇಲ್ಲದ ಆ ಕೊಸರಿನ ಗುಬ್ಬಚ್ಚಿಯೂ ದೇವರ ಲೆಕ್ಕದಿಂದ ತಪ್ಪಿಲ್ಲವೆಂದು ಯೇಸುಸ್ವಾಮಿ ಕಲಿಸಿದರು.

ಹಾಗಾದರೆ ಮಾಡಬೇಕಾದದ್ದೇನು? ಸರಕಾರವು ಒಂದು ನಾಣ್ಯವನ್ನು ನಿಲ್ಲಿಸುವಾಗ, ಮೊತ್ತವನ್ನು ಸರಿಹೊಂದಿಸುವ ನಿಯಮವನ್ನು ಎಲ್ಲರಿಗೂ ತಿಳಿಯುವಂತೆ ಸಾರಬೇಕು. ಹಳೆಯ ನಾಣ್ಯವನ್ನು ಬದಲಾಯಿಸಿಕೊಳ್ಳಲು ಹಳ್ಳಿಯವರಿಗೂ ಸಾಕಷ್ಟು ಕಾಲಾವಕಾಶ ಕೊಡಬೇಕು. ಮನೆಯಲ್ಲಿ ನಾವು ಮಾಡಬಹುದಾದದ್ದೂ ಇದೆ. ಡಬ್ಬಿಯಲ್ಲಿ ಕೂಡಿಬಿದ್ದ ರೂಪಾಯಿ ನಾಣ್ಯಗಳನ್ನು ತೆಗೆದು ಬಳಸೋಣ, ಪಕ್ಕದ ಅಂಗಡಿಗೆ ಕೊಡೋಣ; ನಾವು ಕೂಡಿಟ್ಟಷ್ಟೂ ಟಂಕಸಾಲೆ ಹೊಸದನ್ನು ಮಾಡಬೇಕಾಗುತ್ತದೆ. ಹೂ ಮಾರುವವಳ, ಇಸ್ತ್ರಿಯವನ, ಆಟೋದವನ ಬಾಕಿ ಎರಡು ರೂಪಾಯಿಯನ್ನು ಮರುದಿನ ನೆನಪಿಟ್ಟು ಕೊಡೋಣ. ಕೊಡಲು ಚಿಲ್ಲರೆಯೇ ಇಲ್ಲದಿದ್ದರೆ ಲೆಕ್ಕವನ್ನು ಕಡಿಮೆ ಇರುವವರ ಕಡೆಗೆ ವಾಲಿಸೋಣ. ಅಂಗಡಿಗೆ ಕಳುಹಿಸಿದ ಮಗು ತಂದ ಚಿಲ್ಲರೆಯನ್ನು ಎಣಿಸುವಾಗ, ಕಡಿಮೆ ಬಂದಿದೆಯೇ ಎಂದಷ್ಟೇ ಕೇಳದೆ, ಹೆಚ್ಚು ಬಂದಿದೆಯೇ ಎಂದೂ ಕೇಳೋಣ. ಹೆಚ್ಚು ಬಂದಿದ್ದರೆ ಹಿಂದಿರುಗಿಸಿ ಬಾ ಎಂದು ಅದೇ ಮಗುವನ್ನು ಕಳುಹಿಸೋಣ.