ರಾಜಭಯ, ಶಾಪಭಯ

ಮಾರ್ಚ್ ಕಾಲಿಟ್ಟರೆ ಮೂಡಿಗೆರೆ, ಕಳಸದ ಕಾಫಿ ಬೆಳೆಗಾರರ ಕಣ್ಣೆಲ್ಲ ಆಕಾಶದ ಮೇಲೆ. ಕುಯ್ಲು ಮುಗಿದಿರುತ್ತದೆ, ಗಿಡ ಮೊಗ್ಗು ಕಟ್ಟಿಕೊಂಡು ಕಾದಿರುತ್ತದೆ. ಹೂಮಳೆ ಹೊತ್ತಿಗೆ ಸರಿಯಾಗಿ ಬಿದ್ದರೆ ಬರುವ ವರ್ಷದ ಬದುಕು ನೇರ. ಬೀಳದಿದ್ದರೆ ಸ್ಪ್ರಿಂಕ್ಲರು, ಸಾಲ, ಹರಕೆ. ಮಳೆಯ ಹರಕೆ ಎಂದರೆ ಈ ಸೀಮೆಯವರಿಗೆ ನೆನಪಾಗುವುದು ಶೃಂಗೇರಿ ತಾಲ್ಲೂಕಿನ ಕಿಗ್ಗಾ. ಅಲ್ಲಿನ ಋಷ್ಯಶೃಂಗೇಶ್ವರ ಮಳೆದೇವರು. ಮಳೆ ಬಾರದಿದ್ದರೂ ಅವನಿಗೆ ಪೂಜೆ, ಬಂದದ್ದು ನಿಲ್ಲದಿದ್ದರೂ ಅವನಿಗೇ ಪೂಜೆ. 2019ರ ಜೂನ್‌ನಲ್ಲಿ ರಾಜ್ಯದ ಮಂತ್ರಿಗಳೇ ಅಲ್ಲಿಗೆ ಹೋಗಿ ಪರ್ಜನ್ಯ ಹೋಮದಲ್ಲಿ ಕೂತು ಬಂದರು.

ಆ ದೇವರ ಕಥೆಯಲ್ಲಿ ಮಳೆ ತಂದವರು ಯಾರು ಎಂಬುದನ್ನು ಮಾತ್ರ ಹೋಮದ ಹೊತ್ತಿಗೆ ಯಾರೂ ನೆನೆಯುವುದಿಲ್ಲ. ಅಂಗದೇಶದಲ್ಲಿ ಬರ ಬಿದ್ದಿತ್ತು. ವಿಭಾಂಡಕ ಮುನಿಯ ಮಗ ಋಷ್ಯಶೃಂಗ, ಹೆಣ್ಣೆಂಬುದನ್ನೇ ಕಾಣದೆ ಕಾಡಿನಲ್ಲಿ ಬೆಳೆದವನು, ನಾಡಿಗೆ ಕಾಲಿಟ್ಟರೆ ಮಳೆಯಾಗುತ್ತದೆಂದು ಬಲ್ಲವರು ಹೇಳಿದರು. ಅವನನ್ನು ಕರೆತರಲು ರಾಜ ಲೋಮಪಾದನಿಗೆ ನೆನಪಾದವರು ವೇಶ್ಯೆಯರು. ಮಹಾಭಾರತದ ವನಪರ್ವ ಇಲ್ಲಿ ಒಂದು ಗಳಿಗೆ ನಿಂತು ಅವರ ಮುಖ ನೋಡುತ್ತದೆ. ಒಪ್ಪದಿದ್ದರೆ ರಾಜ ಬಿಡುವುದಿಲ್ಲ, ಒಪ್ಪಿದರೆ ಮುನಿ ಶಪಿಸುತ್ತಾನೆ. ಎರಡೂ ಕಡೆಯಿಂದ ಹೆದರಿದ ಆ ಹೆಂಗಸರು ಇದು ತಮ್ಮ ಕೈಲಾಗದ ಕೆಲಸ ಎಂದುಬಿಡುತ್ತಾರೆ. ಕೊನೆಗೆ ಒಬ್ಬ ಮುದುಕಿ ಮುಂದೆ ಬಂದು, ತನಗೆ ಬೇಕಾದ್ದನ್ನು ಮೊದಲೇ ಕೇಳಿ ಪಡೆದು, ದೋಣಿಯ ಮೇಲೊಂದು ಆಶ್ರಮ ಕಟ್ಟಿಸಿ, ಮಗಳನ್ನು ಕರೆದುಕೊಂಡು ಹೊರಡುತ್ತಾಳೆ. ಮಳೆ ಬೀಳುತ್ತದೆ. ಋಷ್ಯಶೃಂಗನಿಗೆ ರಾಜಕುಮಾರಿ ಶಾಂತೆಯೊಂದಿಗೆ ಮದುವೆಯಾಗುತ್ತದೆ. ಆ ಮುದುಕಿ, ಆ ಮಗಳು ಕಥೆಯಿಂದ ಮರೆಯಾಗುತ್ತಾರೆ.

ವೇಶ್ಯಾವೃತ್ತಿಯನ್ನು ಕಾನೂನುಬದ್ಧ ಮಾಡಬೇಕೇ, ಸರ್ಕಾರ ಅದನ್ನು ನಿಯಂತ್ರಿಸಬೇಕೇ ಎಂಬ ಚರ್ಚೆ ಎದ್ದಾಗಲೆಲ್ಲ ಮಾತು ಈ ಎರಡು ಭಯಗಳ ನಡುವೆಯೇ ಓಡಾಡುತ್ತದೆ. ಒಂದು ಕಡೆ ಪೊಲೀಸು, ಇನ್ನೊಂದು ಕಡೆ ಪಾಪ. ನಡುವೆ ಇರುವವಳನ್ನು ಕೇಳಿದವರು ಕಡಿಮೆ.

ಮೊದಲು ಪೊಲೀಸಿನ ಮಾತು. ಭಾರತದಲ್ಲಿ ವಯಸ್ಕ ಹೆಣ್ಣು ತಾನೊಬ್ಬಳೇ, ತನ್ನ ಮನೆಯಲ್ಲಿ, ಹಣ ಪಡೆದು ಲೈಂಗಿಕ ಸಂಬಂಧ ಬೆಳೆಸುವುದು ಅಪರಾಧವಲ್ಲ. 1956ರಲ್ಲಿ ಬಂದು 1986ರಲ್ಲಿ ತಿದ್ದುಪಡಿಯಾದ ಅನೈತಿಕ ಸಾಗಣೆ ತಡೆ ಕಾಯ್ದೆ ಅದನ್ನು ನೇರವಾಗಿ ನಿಷೇಧಿಸಿಲ್ಲ. ನಿಷೇಧಿಸಿರುವುದು ಅದರ ಸುತ್ತಲಿನ ಎಲ್ಲವನ್ನೂ. ಇಬ್ಬರು ಹೆಂಗಸರು ಒಂದೇ ಮನೆಯಲ್ಲಿ ತಮ್ಮಿಬ್ಬರ ಲಾಭಕ್ಕಾಗಿ ಈ ಕಸುಬು ಮಾಡಿದರೆ ಅದು ವೇಶ್ಯಾಗೃಹ. ಅವಳ ದುಡಿಮೆಯಲ್ಲಿ ಬದುಕುವ 18 ದಾಟಿದ ಯಾರೇ ಆಗಲಿ, ಹಾಸಿಗೆ ಹಿಡಿದ ತಾಯಿಯಾಗಲಿ, ಕಾಲೇಜಿಗೆ ಹೋಗುವ ಮಗನಾಗಲಿ, ಸೆಕ್ಷನ್ 4ರ ಪ್ರಕಾರ ಆರೋಪಿಯಾಗಬಹುದು. ಬೀದಿಯಲ್ಲಿ ಗಿರಾಕಿಯನ್ನು ಕರೆದರೆ ಸೆಕ್ಷನ್ 8. ಅದೇ ತಪ್ಪನ್ನು ಮೊದಲ ಸಲ ಮಾಡಿದ ಹೆಣ್ಣಿಗೆ ಆರು ತಿಂಗಳವರೆಗೆ ಸಜೆ, ಗಂಡಸು ಮಾಡಿದರೆ ಏಳು ದಿನದಿಂದ ಮೂರು ತಿಂಗಳು. ಇಂಥ ತಕ್ಕಡಿಯನ್ನು ಕಾಯ್ದೆಯ ಪುಸ್ತಕದಲ್ಲೇ ಬರೆದಿಟ್ಟವರು ನೀತಿಯ ಹೆಸರು ಹೇಳುವುದು ನೋವಿನ ಸಂಗತಿ.

ಸೆಕ್ಷನ್ 7 ಇನ್ನೂ ವಿಚಿತ್ರ. ದೇವಸ್ಥಾನ, ಶಾಲೆ, ಹಾಸ್ಟೆಲು, ಆಸ್ಪತ್ರೆಗಳಿಂದ 200 ಮೀಟರ್ ಒಳಗೆ ಈ ವೃತ್ತಿ ನಡೆಸಿದರೆ ಶಿಕ್ಷೆ. ದೊಡ್ಡ ನಗರದಲ್ಲಿ ಇದು ಕಾಗದದ ಲೆಕ್ಕ ಇರಬಹುದು. ಕಳಸದಂಥ ಊರಿನಲ್ಲಿ ಗುಡ್ಡದ ಮೇಲಿನ ಕಳಸೇಶ್ವರನಿಂದ ಒಂದು ವೃತ್ತ, ಶಾಲೆಯಿಂದ ಒಂದು, ಆಸ್ಪತ್ರೆಯಿಂದ ಒಂದು, ಮಸೀದಿ, ಇಗರ್ಜಿಗಳಿಂದ ಒಂದೊಂದು ಎಳೆಯುತ್ತ ಹೋದರೆ ಪೇಟೆಯಲ್ಲಿ ಉಳಿಯುವುದು ಎಷ್ಟು ಜಾಗ? ಕಾನೂನು ಅವಳನ್ನು ಕಸುಬಿನಿಂದ ಬಿಡಿಸುವುದಿಲ್ಲ, ಬೆಳಕಿನಿಂದ ಆಚೆ ಕಳಿಸುತ್ತದೆ. ಎಸ್ಟೇಟಿನ ಮಣ್ಣುರಸ್ತೆಗೆ, ಸಿಲ್ವರ್ ಓಕಿನ ಕತ್ತಲಿಗೆ, ಕೂಗಿದರೂ ಲೈನು ಮನೆಗೆ ಕೇಳಿಸದ ತಿರುವಿಗೆ.

ಪತ್ರಿಕೆಗಳ ಒಳಪುಟದಲ್ಲಿ ಆಗಾಗ ಬರುವ ಸುದ್ದಿಯ ಭಾಷೆ ಎಲ್ಲರಿಗೂ ಬಾಯಿಪಾಠ: ಲಾಡ್ಜ್ ಮೇಲೆ ದಾಳಿ, ಇಷ್ಟು ಮಂದಿ ಬಂಧನ, ಇಷ್ಟು ಮಹಿಳೆಯರ ರಕ್ಷಣೆ. ರಕ್ಷಣೆ ಎಂಬ ಪದದ ಒಳಗೆ ಏನೇನಿರಬಹುದು ಎಂಬುದಕ್ಕೆ 2024ರಲ್ಲಿ ಕರ್ನಾಟಕ ಹೈಕೋರ್ಟಿನ ಮುಂದೆ ಬಂದ ಒಂದು ಪ್ರಕರಣ ಸಾಕು. 2013ರಲ್ಲಿ ಉಡುಪಿ ಕಡೆಯಿಂದ ಗೋವಾಕ್ಕೆ ಸಾಗಿಸುತ್ತಿದ್ದ ಹೆಂಗಸರಲ್ಲಿ ಒಬ್ಬಳ ಮೇಲೆಯೇ, ಹೆಂಗಸರನ್ನು ದಂಧೆಗೆ ತರುವವರಿಗೆಂದು ಇರುವ ಸೆಕ್ಷನ್ 5ರಡಿ ದೋಷಾರೋಪ ಬಿದ್ದಿತ್ತು. ಬಲಿಪಶುವನ್ನು ಶಿಕ್ಷಿಸಲು ಈ ಸೆಕ್ಷನ್ ಇಲ್ಲ ಎಂದು ನ್ಯಾಯಾಲಯ ಪ್ರಕರಣ ರದ್ದುಮಾಡಿತು. ಅಷ್ಟು ಹೇಳಿಸಿಕೊಳ್ಳಲು ಆಕೆಗೆ ಹನ್ನೊಂದು ವರ್ಷ ಹಿಡಿಯಿತು.

ಇನ್ನು ಪಾಪದ ಮಾತು. ದೇಹ ದೇವರ ಗುಡಿ, ಅದನ್ನು ಮಾರುವುದು ಅಪಚಾರ, ಮಾರಾಟವನ್ನು ಸರ್ಕಾರ ಒಪ್ಪಿಕೊಂಡರೆ ಅಪಚಾರಕ್ಕೆ ಮುದ್ರೆ ಒತ್ತಿದಂತೆ ಎಂಬುದು ಧರ್ಮದ ಕಡೆಯ ಗಟ್ಟಿ ವಾದ. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಕನ್ನಡದ ಧರ್ಮಚಿಂತನೆ ಇದಕ್ಕೆ ಎಂಟುನೂರು ವರ್ಷ ಹಿಂದೆಯೇ ಬೇರೊಂದು ಬಾಗಿಲು ತೆರೆದಿತ್ತು. ಹನ್ನೆರಡನೆಯ ಶತಮಾನದ ಶರಣೆಯರಲ್ಲಿ ಸೂಳೆ ಸಂಕವ್ವೆ ಒಬ್ಬಳು. ನಮಗೆ ಸಿಕ್ಕಿರುವುದು ಅವಳ ಒಂದೇ ವಚನ, ಅಂಕಿತ ನಿರ್ಲಜ್ಜೇಶ್ವರ. ಒಬ್ಬನಿಂದ ಒತ್ತೆ ಹಿಡಿದ ಮೇಲೆ ಇನ್ನೊಬ್ಬನ ಒತ್ತೆಯನ್ನು ಹಿಡಿಯುವುದಿಲ್ಲ ಎನ್ನುವ ಕಸುಬಿನ ಮಾತಿನಲ್ಲೇ ಅವಳು ತನ್ನ ಭಕ್ತಿಯ ನಿಷ್ಠೆಯನ್ನು ಹೇಳುತ್ತಾಳೆ. ವಚನವನ್ನು ರೂಪಕವಾಗಿ ಓದಬಹುದು. ಆದರೆ ರೂಪಕ ನಿಲ್ಲಬೇಕಾದರೆ ಅದರ ನೆಲ ಗಟ್ಟಿಯಾಗಿರಬೇಕು. ಆ ಕಸುಬಿನೊಳಗೂ ಮಾತಿಗೆ ನಡೆದುಕೊಳ್ಳುವ ಒಂದು ಧರ್ಮವಿದೆ ಎಂದು ನಂಬದವಳು ಆ ವಚನ ಕಟ್ಟುತ್ತಿರಲಿಲ್ಲ. ಅವಳ ಹೆಸರಿನ ಮುಂದಿನ ಪದವನ್ನು ಶರಣಪರಂಪರೆ ಅಳಿಸಿಹಾಕಲೂ ಇಲ್ಲ, ಆ ಪದಕ್ಕಾಗಿ ಅವಳನ್ನು ಹೊರಗಿಡಲೂ ಇಲ್ಲ.

ಹಾಗೆಂದು ಧರ್ಮದ ಹೆಸರಿನಲ್ಲಿ ಹೆಣ್ಣನ್ನು ಈ ಬದುಕಿಗೆ ನೂಕಿದ ಚರಿತ್ರೆಯನ್ನು ಮರೆಯಲಾಗದು. ದೇವರಿಗೆ ಬಿಡುವ ಪದ್ಧತಿಯನ್ನು ರಾಜ್ಯ 1982ರ ಕಾಯ್ದೆಯಿಂದ ನಿಷೇಧಿಸಿತು. ಆಮೇಲೂ 1993-94 ಮತ್ತು 2007-08ರ ಸಮೀಕ್ಷೆಗಳಲ್ಲಿ ಒಟ್ಟು 46,660 ದೇವದಾಸಿಯರು ಲೆಕ್ಕಕ್ಕೆ ಸಿಕ್ಕರು. ಒಂಬತ್ತು ಹತ್ತು ವರ್ಷದ ಹುಡುಗಿಯನ್ನು ದೇವರಿಗೆ ಬಿಡಲೆಂದು ಮುತ್ತು ಕಟ್ಟುವಾಗ ಅವಳ ಒಪ್ಪಿಗೆ ಕೇಳಿದವರಾರು? ಅದನ್ನು ವೃತ್ತಿ ಎನ್ನಲಾಗದು.

ಒಪ್ಪಿಗೆ ಎಲ್ಲಿ ಮುಗಿದು ಒತ್ತಾಯ ಎಲ್ಲಿ ಶುರುವಾಗುತ್ತದೆ ಎಂಬ ಪ್ರಶ್ನೆ ಮಲೆನಾಡಿಗೆ ಹೊಸದಲ್ಲ. ಕಾಫಿ ಸೀಮೆಗೆ ಜೀತ ಗೊತ್ತು, ಕೂಲಿಯೂ ಗೊತ್ತು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಕೆಲಸ: ಅದೇ ಕಪಾತು, ಅದೇ ಹಣ್ಣು ಕೊಯ್ಯುವುದು, ಅದೇ ಜಿಗಣೆ ಕಚ್ಚಿದ ಕಾಲು. ವ್ಯತ್ಯಾಸವೆಂದರೆ ಕೂಲಿಯವನು ನಾಳೆ ಬೇರೆ ತೋಟಕ್ಕೆ ಹೋಗಬಹುದು, ಜೀತದವನು ಹೋಗುವಂತಿಲ್ಲ. 1976ರ ಕಾಯ್ದೆ ಜೀತವನ್ನು ಅಪರಾಧ ಮಾಡಿತು, ತೋಟದ ಕೆಲಸವನ್ನಲ್ಲ. ಅದಕ್ಕೂ ಮೊದಲು 1951ರ ತೋಟ ಕಾರ್ಮಿಕರ ಕಾಯ್ದೆ ಮನೆ, ಔಷಧಿ, ಕೂಸಿನ ಮನೆ ಕೊಡಬೇಕೆಂದು ಮಾಲೀಕರಿಗೆ ಹೇಳಿತ್ತು. ಆ ಕೆಲಸ ಶ್ರೇಷ್ಠವೋ ಕನಿಷ್ಠವೋ ಎಂದು ಅದು ಕೇಳಲಿಲ್ಲ. ಮಾಡುವವರು ಮನುಷ್ಯರು ಎಂಬುದಷ್ಟೇ ಅದಕ್ಕೆ ಸಾಕಾಯಿತು.

ಕಾಫಿ ಕೊಯ್ಯುವುದೂ ವೇಶ್ಯೆಯ ಕಸುಬೂ ಒಂದೇ ಅಲ್ಲ ಎಂದು ಯಾರಾದರೂ ತಡೆದರೆ ಅವರ ಮಾತು ನಿಜ. ಕೈಯನ್ನು ಕೂಲಿಗೆ ಕೊಡುವುದಕ್ಕೂ ಮೈಯನ್ನೇ ಕೊಡುವುದಕ್ಕೂ ನಡುವೆ ಅಂತರವಿದೆ, ಆ ಅಂತರವನ್ನು ಆ ಹೆಂಗಸರೇ ಎಲ್ಲರಿಗಿಂತ ಚೆನ್ನಾಗಿ ಬಲ್ಲರು. ಕುಯ್ಲು ಮುಗಿದು ಕೆಲಸ ಕಡಿಮೆಯಾದ ತಿಂಗಳುಗಳಲ್ಲಿ ಸಾಲಗಾರ ಬಾಗಿಲಿಗೆ ಬಂದಾಗ ಮಾಡಿದ ಆಯ್ಕೆಯನ್ನು ಸ್ವಇಚ್ಛೆ ಎಂದು ಹಿಗ್ಗುವಂತೆಯೂ ಇಲ್ಲ. ಆದರೆ ತಪ್ಪು ಇರುವುದು ಆ ಒತ್ತಡದಲ್ಲಿ. ಒತ್ತಡಕ್ಕೆ ಸಿಕ್ಕವಳಿಗೇ ಸಜೆ ಕೊಟ್ಟರೆ ಒತ್ತಡ ಇಳಿಯುವುದಿಲ್ಲ, ದಂಡದ ರೂಪದಲ್ಲಿ ಇನ್ನೊಂದು ಸಾಲ ಏರುತ್ತದೆ.

ಹಾಗಾದರೆ ಸರ್ಕಾರ ಲೈಸೆನ್ಸು ಕೊಟ್ಟು, ಪಟ್ಟಿ ಇಟ್ಟು, ತಪಾಸಣೆ ಮಾಡಿಸಿ ನಿಯಂತ್ರಿಸಲಿ ಎನ್ನುವವರೂ ಇದ್ದಾರೆ. ಇದೂ ಹೊಸ ಆಲೋಚನೆಯಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಗಣಿಕಾಧ್ಯಕ್ಷನೆಂಬ ಅಧಿಕಾರಿಯೇ ಇದ್ದ. ರೂಪಾಜೀವೆಯರು, ಅಂದರೆ ಮೈಮಾರಿ ಬದುಕುವವರು, ತಿಂಗಳಿಗೆ ಎರಡು ದಿನದ ಗಳಿಕೆಯಷ್ಟನ್ನು ಬೊಕ್ಕಸಕ್ಕೆ ಕಟ್ಟಬೇಕಿತ್ತು. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್, ಅಲ್ಲಿನ ಹನ್ನೆರಡು ಸಾವಿರ ಕಾವಲುಗಾರರ ಸಂಬಳ ಹೊರಡುತ್ತಿದ್ದುದು ವೇಶ್ಯಾಗೃಹಗಳ ತೆರಿಗೆಯಿಂದ ಎಂದು ಬರೆದಿಟ್ಟ. ಊರು ಕಾಯುವವರ ಅನ್ನ ಆ ಹೆಂಗಸರದು! ಬ್ರಿಟಿಷರು 1860ರ ದಶಕದಲ್ಲಿ ದಂಡಿನ ಸಿಪಾಯಿಗಳಿಗೆ ರೋಗ ಅಂಟದಿರಲೆಂದು ಕಾನೂನು ಮಾಡಿ, ಹೆಂಗಸರ ಹೆಸರು ನೋಂದಾಯಿಸಿ, ಒತ್ತಾಯದ ತಪಾಸಣೆ ನಡೆಸಿ, ರೋಗ ಕಂಡವರನ್ನು ಬೀಗ ಹಾಕಿದ ಆಸ್ಪತ್ರೆಗಳಲ್ಲಿ ಕೂಡಿಹಾಕಿದರು. ಬೆಂಗಳೂರು ದಂಡಿನಲ್ಲೂ ಅಂಥದೊಂದು ಆಸ್ಪತ್ರೆ ಇತ್ತು. ಸಿಪಾಯಿಯನ್ನು ಯಾರೂ ಕೂಡಿಹಾಕಲಿಲ್ಲ. ಈ ಮೂರೂ ವ್ಯವಸ್ಥೆಗಳಲ್ಲಿ ವೃತ್ತಿಗೆ ಮಾನ್ಯತೆಯಿತ್ತು, ನಿಯಂತ್ರಣವಿತ್ತು, ಲಾಭವೂ ಇತ್ತು. ಲಾಭ ಅವಳದಾಗಿರಲಿಲ್ಲ.

ಪಟ್ಟಿಗೆ ಹೆಸರು ಬರೆಸಲು ಇಂದಿಗೂ ಹೆಚ್ಚಿನವರು ಮುಂದೆ ಬರುವುದಿಲ್ಲ. ಜರ್ಮನಿ 2017ರಿಂದ ನೋಂದಣಿ ಕಡ್ಡಾಯ ಮಾಡಿತು. 2019ರ ಕೊನೆಗೆ ನೋಂದಾಯಿಸಿಕೊಂಡಿದ್ದವರು ಸುಮಾರು 40 ಸಾವಿರ. ವೃತ್ತಿಯಲ್ಲಿರುವವರು ಅದರ ಎಷ್ಟೋ ಪಟ್ಟು ಎಂದು ಅಲ್ಲಿನವರೇ ಅಂದಾಜು ಮಾಡುತ್ತಾರೆ. ಎಲ್ಲರಿಗೂ ಎಲ್ಲರೂ ಗೊತ್ತಿರುವ ಮೂಡಿಗೆರೆಯಲ್ಲಿ ತಾಲ್ಲೂಕು ಕಚೇರಿಯ ಕಿಟಕಿಯ ಮುಂದೆ ಅಂಥದೊಂದು ಅರ್ಜಿ ಹಿಡಿದು ನಿಲ್ಲುವವಳು ಯಾರು? ನ್ಯೂಜಿಲೆಂಡ್ ಹಿಡಿದ ದಾರಿ ಬೇರೆ. 2003ರಲ್ಲಿ, 60-59 ಮತಗಳಿಂದ, ಅದು ವಯಸ್ಕರ ಈ ವೃತ್ತಿಯನ್ನು ಅಪರಾಧದ ಪಟ್ಟಿಯಿಂದಲೇ ತೆಗೆಯಿತು. ನಾಲ್ವರವರೆಗೆ ಹೆಂಗಸರು ಸೇರಿ ಒಂದೇ ಮನೆಯಲ್ಲಿ ದುಡಿಯಲು ಅಲ್ಲಿ ಲೈಸೆನ್ಸು ಬೇಡ, ಬೇಡವೆನಿಸಿದ ಗಿರಾಕಿಯನ್ನು ನಿರಾಕರಿಸುವ ಹಕ್ಕು ಕಾನೂನಿನಲ್ಲೇ ಇದೆ.

ನಮ್ಮಲ್ಲಿ 2022ರ ಮೇ 19ರಂದು ಸುಪ್ರೀಂ ಕೋರ್ಟು ಬುದ್ಧದೇವ್ ಕರ್ಮಾಸ್ಕರ್ ಪ್ರಕರಣದಲ್ಲಿ ಈ ಹೆಂಗಸರಿಗೂ ಘನತೆಯಿಂದ ಬದುಕುವ ಹಕ್ಕಿದೆ ಎಂದು ಸಾರಿತು. ಕಾಂಡೋಮನ್ನು ಅಪರಾಧಕ್ಕೆ ಸಾಕ್ಷಿಯಾಗಿ ಬಳಸಬಾರದು, ವಿಳಾಸದ ದಾಖಲೆ ಇಲ್ಲದವರಿಗೂ ಏಡ್ಸ್ ನಿಯಂತ್ರಣ ಸಂಸ್ಥೆಯ ದೃಢೀಕರಣದ ಮೇಲೆ ಆಧಾರ್ ಕೊಡಬೇಕು ಎಂದಿತು. ಒಂದು ಇಲಾಖೆ ಕಾಂಡೋಮ್ ಹಂಚುವುದು, ಇನ್ನೊಂದು ಇಲಾಖೆ ಅದನ್ನೇ ಜಪ್ತಿ ಮಾಡುವುದು ಅಲ್ಲಿಗೆ ನಿಲ್ಲಬೇಕಿತ್ತು. ಆದರೆ ಕಾಯ್ದೆಯ ಸೆಕ್ಷನ್‌ಗಳು ಇದ್ದಲ್ಲೇ ಇವೆ.

ಹೆಂಗಸಿನ ಹೆಸರಿನಲ್ಲಿ ಒಂದು ಪಾಸ್‌ಬುಕ್ಕು ಇದ್ದರೆ ಏನಾಗುತ್ತದೆ ಎಂಬುದನ್ನು ಈ ಸೀಮೆ ಕಣ್ಣಾರೆ ಕಂಡಿದೆ. ಮೂಡಿಗೆರೆಯ ಮೋಟಮ್ಮ ಮಹಿಳಾ ಮತ್ತು ಮಕ್ಕಳ ಕಲ್ಯಾಣ ಸಚಿವೆಯಾಗಿದ್ದಾಗ, 2000ದ ಹೊತ್ತಿಗೆ, ಸ್ತ್ರೀಶಕ್ತಿ ಸಂಘಗಳು ರಾಜ್ಯದಾದ್ಯಂತ ಶುರುವಾದವು. ವಾರಕ್ಕೆ ಹತ್ತು ಇಪ್ಪತ್ತು ರೂಪಾಯಿ ಕಟ್ಟಿದ ಹೆಂಗಸರು ಲೇವಾದೇವಿಯವನ ಮನೆಗೆ ಹೋಗುವುದು ಕಡಿಮೆಯಾಯಿತು. ಇದೇ ಕೆಲಸವನ್ನು ಕೋಲ್ಕತ್ತದ ಸೋನಾಗಾಚಿಯಲ್ಲಿ ಲೈಂಗಿಕ ಕಾರ್ಯಕರ್ತೆಯರು 1995ರಲ್ಲಿ ತಮ್ಮದೇ ಸಹಕಾರ ಸಂಘ ಕಟ್ಟಿ ಮಾಡಿದರು. ಮೈಸೂರಿನಲ್ಲಿ ಅಶೋದಯ ಸಮಿತಿ ಕಟ್ಟಿದವರೂ ಇಂಥ ಹೆಂಗಸರೇ. ಬಿಡಬೇಕೆನ್ನುವವಳಿಗೆ ಬಿಡುವ ದಾರಿ ತೆರೆಯುವುದು ಕೈಯಲ್ಲಿರುವ ಹಣ. ಠಾಣೆಯ ಬೆಂಚಾಗಲಿ, ಬೀಗ ಹಾಕಿದ ಆಶ್ರಯಗೃಹವಾಗಲಿ ಆ ಕೆಲಸ ಮಾಡಲಾರವು.

ಅಪರಾಧವಾಗಿಯೇ ಉಳಿಯಬೇಕಾದ್ದು ಉಳಿಯಲಿ. ಸಾಗಣೆ, ಬಲವಂತ, ಕೂಡಿಹಾಕುವುದು, ಮಕ್ಕಳನ್ನು ಮುಟ್ಟುವುದು, ಇವುಗಳಿಗೆ ಯಾವ ರಿಯಾಯಿತಿಯೂ ಸಲ್ಲದು. 2021ರ ಜನವರಿ ಕೊನೆಯಲ್ಲಿ ಶೃಂಗೇರಿ ಠಾಣೆಯಲ್ಲಿ ಒಂದು ದೂರು ದಾಖಲಾಯಿತು. 15 ವರ್ಷದ ಹುಡುಗಿಯೊಬ್ಬಳ ಮೇಲೆ ಹಲವು ಗಂಡಸರು ತಿಂಗಳುಗಟ್ಟಲೆ ಅತ್ಯಾಚಾರ ಎಸಗಿದ್ದರೆಂಬ ದೂರು ಅದು. ಕಿಗ್ಗಾದಿಂದ ಹತ್ತಾರು ಕಿಲೋಮೀಟರ್ ದೂರವೂ ಇಲ್ಲದ ಊರಿನಲ್ಲಿ. ಮಕ್ಕಳನ್ನು ಇಂಥದರಿಂದ ಕಾಯಲು ಸೋನಾಗಾಚಿಯ ಹೆಂಗಸರು ತಮ್ಮ ಬೀದಿಗೆ ಹೊಸಬಳು ಬಂದರೆ ವಯಸ್ಸು ವಿಚಾರಿಸಿ, ಮಗುವೆಂದು ಕಂಡರೆ ವಾಪಸು ಕಳಿಸಲು ತಮ್ಮದೇ ಮಂಡಳಿಗಳನ್ನು ಇಟ್ಟುಕೊಂಡಿದ್ದಾರೆ. ಯಾವ ಮನೆಗೆ ಯಾವ ಹೊತ್ತಿನಲ್ಲಿ ಯಾರು ಹೋಗುತ್ತಾರೆ ಎಂಬುದು ಇಂಥ ಹೆಂಗಸರಿಗೆ ಬೇಗ ತಿಳಿಯುತ್ತದೆ. ಕಾಫಿ ಸೀಮೆಯಲ್ಲಿ ಅದು ತಿಳಿದವಳೊಬ್ಬಳು ಠಾಣೆಯ ಮೆಟ್ಟಿಲು ಹತ್ತಿ, ಅಲ್ಲೊಂದು ಮಗು ಇದೆ ಎಂದು ಹೇಳಬೇಕಾದರೆ, ಮೊದಲು ಅವಳು ತಾನೇ ಒಳಗಾಗುವ ಭಯವಿಲ್ಲದೆ ಆ ಮೆಟ್ಟಿಲು ಹತ್ತುವಂತಿರಬೇಕು.