ವ್ರತಿಕನೂ ನೆರೆಯವನೂ

ತುಂಗಭದ್ರೆಯ ದಡದ ಬುಕ್ಕಸಾಗರವು ತನ್ನ ಹೆಸರಿನಲ್ಲಿಯೇ ಬುಕ್ಕರಾಯನ ನೆನಪನ್ನು ಉಳಿಸಿಕೊಂಡಿದೆ. ನದಿಯಾಚೆಯ ಆನೆಗೊಂದಿಯೂ ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹಗಳೂ ಸೇರಿದಂತೆ ನಾಡಿನ ಜೈನರು, ವೈಷ್ಣವ ಭಕ್ತರಿಂದ ತಮಗಾಗುತ್ತಿದ್ದ ಅನ್ಯಾಯವನ್ನು ಕ್ರಿ.ಶ. 1368ರಲ್ಲಿ ಆ ಅರಸನಿಗೆ ಬಿನ್ನವಿಸಿಕೊಂಡರು. ಶ್ರವಣಬೆಳಗೊಳದ ಶಾಸನವೇ ಇದಕ್ಕೆ ಸಾಕ್ಷಿ.

ಅರಸನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ, ಉಭಯ ದರ್ಶನಗಳಿಗೆ ಭೇದವಿಲ್ಲವೆಂದನು. ಪಂಚಮಹಾವಾದ್ಯ, ಕಲಶಗಳ ಹಕ್ಕು ಜೈನರಿಗೆ ಸ್ಥಿರವಾಯಿತು. ಜೈನರ ಹಾನಿವೃದ್ಧಿಗಳನ್ನು ವೈಷ್ಣವರು ತಮ್ಮವೆಂದೇ ಎಣಿಸಬೇಕಾಯಿತು. ಜೈನರು ಮನೆಗೊಂದು ಹಣದಂತೆ ಕೊಡುವುದು. ತಿರುಮಲೆಯ ತಾತಯ್ಯನು ಅದರಿಂದ ಬೆಳಗೊಳದಲ್ಲಿ 20 ಮಂದಿ ಕಾವಲಿನವರನ್ನಿರಿಸಿ, ಉಳಿದುದನ್ನು ಜೀರ್ಣ ಜಿನಾಲಯಗಳಿಗೆ ವಿನಿಯೋಗಿಸುವುದು ಎಂದು ನಿಶ್ಚಯವಾಯಿತು. 1385ರಲ್ಲಿ ದಂಡನಾಯಕ ಇರುಗಪ್ಪನು ಹಂಪೆಯಲ್ಲಿ ಕುಂಥುನಾಥ ಜಿನಾಲಯವನ್ನು ಕಟ್ಟಿಸಿದನು.

ಇಲ್ಲಿ ವೈಷ್ಣವರ ಔದಾರ್ಯವನ್ನಷ್ಟೇ ಕಂಡರೆ ಸಾಲದು. ನೊಂದವರು ನೋಯಿಸಿದವರ ಕಡೆಯವನ ಕೈಗೆ ತಮ್ಮ ಹಣವನ್ನೂ ತಮ್ಮ ದೇವರ ಕಾವಲನ್ನೂ ಒಪ್ಪಿಸಿದರು. ದೂರು ಕೊಡುವುದಕ್ಕಿಂತ ಈ ವಿಶ್ವಾಸವು ಕಠಿನವಾದುದು.

2014ರ ಜನವರಿಯಲ್ಲಿ ಜೈನ ಸಮಾಜವು ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತವೆಂದು ಘೋಷಿತವಾಯಿತು. ಮುಸ್ಲಿಮ್, ಕ್ರೈಸ್ತ, ಸಿಖ್, ಬೌದ್ಧ, ಪಾರಸಿ ಬಂಧುಗಳ ಸಾಲಿನಲ್ಲಿಯೇ ನಮಗೂ ರಕ್ಷಣೆ ದೊರೆಯಿತು. ಆದರೆ ಆ ಸಾಲಿನವರನ್ನು ನಾವು ಯಾವ ದೃಷ್ಟಿಯಿಂದ ನೋಡುತ್ತೇವೆ? ಅವರ ಕೇರಿಯ ಹೆಸರೆತ್ತಿದೊಡನೆ ಮುಖ ಸಿಂಡರಿಸುವ ಮನೆಗಳು ನಮ್ಮಲ್ಲಿ ಇಲ್ಲವೆ?

ಆಹಾರಶುದ್ಧಿಯನ್ನು ಬಿಡಬೇಕೆ ಎಂದು ಕೆಲವರು ಶಂಕಿಸಬಹುದು. ಬಿಡಬೇಕಾದುದಿಲ್ಲ. ಅಭಕ್ಷ್ಯವನ್ನು ತ್ಯಜಿಸುವುದು ತನ್ನ ನಾಲಿಗೆಯ ಸಂಯಮ; ತಿನ್ನುವವನನ್ನು ಹಳಿಯುವುದು ಯಾವ ವ್ರತದಲ್ಲಿಯೂ ಸೇರಿಲ್ಲ. ಹಿಂಸೆಯನ್ನು ಅನುಮೋದಿಸದೆಯೂ ಹಿಂಸಕನನ್ನು ದ್ವೇಷಿಸದಿರಬಹುದು. ವಿಪರೀತ ವೃತ್ತಿಯವರಲ್ಲಿ ಮಾಧ್ಯಸ್ಥ್ಯಭಾವವನ್ನೇ ತತ್ತ್ವಾರ್ಥಸೂತ್ರವು ವಿಧಿಸಿದೆ. ಸಮಂತಭದ್ರಾಚಾರ್ಯರು ಎಣಿಸಿದ ಎಂಟು ಮದಗಳಲ್ಲಿ ಕುಲಮದ, ಜಾತಿಮದಗಳೊಡನೆ ತಪೋಮದವೂ ಉಂಟು. ಹತ್ತು ದಿನ ಉಪವಾಸವಿದ್ದು, ಆ ಬಲದಿಂದಲೇ ನೆರೆಯವನನ್ನು ಕೀಳೆಂದು ಬಗೆದರೆ ಹೊಟ್ಟೆ ಬರಿದಾಯಿತೇ ಹೊರತು ಕಷಾಯವು ಕರಗಲಿಲ್ಲ.

ದಶಲಕ್ಷಣ ಪರ್ವದ ಕೊನೆಗೆ ಕ್ಷಮಾವಣಿಯಂದು ಶ್ರಾವಕರು ಪರಸ್ಪರರ ಮನೆಗೆ ಹೋಗಿ ಕ್ಷಮೆ ಬೇಡುತ್ತಾರೆ. ಸರ್ವಜೀವಿಗಳಲ್ಲಿಯೂ ಕ್ಷಮೆ ಬೇಡುವ ಆ ಮಾತು ನಮ್ಮ ಬೀದಿಯ ತುದಿಯಲ್ಲಿ ನಿಲ್ಲಬಾರದು. ಈ ವರ್ಷ ಅನ್ಯಧರ್ಮೀಯರ ಒಂದು ಮನೆಯ ಹೊಸ್ತಿಲಿಗಾದರೂ ಹೋಗಿ ಕೈಮುಗಿಯುವುದು ಶ್ರಾವಕನಿಗೆ ಉಚಿತವಾದ ವ್ರತವಾದೀತು.